ದಾಕ್ಷಾಯಿಣಿಯ ತವರುಗೋಡೆ

ಹೆರಿಗೆ ಕೋಣೆಯ ಮೂರು ಗೋಡೆ ಬಂದಿದ್ದವು, ಸೂರು ಬಂದಿತ್ತು, ಬಾಗಿಲಿರುವ ಗೋಡೆ ಮಾತ್ರ ಬಂದಿರಲಿಲ್ಲ. ಇದನ್ನೇ ನಾನು ದಿನಾ ಬೆಳಿಗ್ಗೆ ರೂತಮ್ಮನವರಿಗೆ ಹೇಳಬೇಕಿತ್ತು. ಅವರು ನಮ್ಮೂರ ದವಾಖಾನೆಯ ನರ್ಸು, ಹೆರಿಗೆ ಮಾಡಿಸಲು ಊರಿಗಿರುವ ಒಂದೇ ದಿಕ್ಕು. ನಾನು ಗೋಡೆ ಕಂಪನಿಯ ಅಂಗಳದಲ್ಲಿ ಸರಕು ತರಿಸುವ, ಇಳಿಸಿಕೊಳ್ಳುವ, ಬಾರದಿದ್ದರೆ ಬೈಸಿಕೊಳ್ಳುವ ಕೆಲಸದವಳು.

"ಬಂತೇನೇ ಮಾಲಾ?"

"ಇಲ್ಲ ಸಿಸ್ಟರ್. ಗೋಡೆ ಹೊಯ್ಯೋ ಅಚ್ಚು ಒಡೆದಿದೆಯಂತೆ."

"ನಿನ್ನೇನೂ ಅದನ್ನೇ ಹೇಳ್ದೆ. ಹೆರಿಗೆಗೆ ಬಂದೋಳಿಗೆ ನಾನೂ ಹಂಗೇ ಹೇಳ್ಲಾ? ಅಚ್ಚು ಒಡೆದಿದೆ, ಆಚೆ ವಾರ ಬಾರಮ್ಮ ಅಂತ?"

ಇಷ್ಟು ಅಂದು ಅವರು ಕೊಡೆ ಬಿಚ್ಚಿಕೊಂಡು ಹೊರಟುಹೋಗುತ್ತಿದ್ದರು. ನಾನು ಮತ್ತೆ ಫೋನು ಹಿಡಿಯುತ್ತಿದ್ದೆ.

ನಮ್ಮೂರಲ್ಲಿ ಯಾವುದೂ ಗಟ್ಟಿಯಾಗುವುದಿಲ್ಲ. ಸಿಮೆಂಟು ಕಲಸಿಟ್ಟರೆ ವರ್ಷ ಕಳೆದರೂ ಕೆಸರೇ. ಹಾಲಿಗೆ ಹೆಪ್ಪು ಹಾಕಿದರೆ ಬೆಳಿಗ್ಗೆ ಹುಳಿ ಹಾಲು. ಮೊಸರು ಹೊಳೆಯಾಚೆಯಿಂದ ಮೊದಲ ದೋಣಿಗೆ ಬರುತ್ತದೆ. ಕೈಕಾಲು ಮುರಿದುಕೊಂಡವರು ಪಟ್ಟು ಹಾಕಿಸಿಕೊಳ್ಳಲು ಅದೇ ದೋಣಿಯಲ್ಲಿ ಆಚೆಗೆ ಹೋಗುತ್ತಾರೆ. ಪಾಕ ಬಿಗಿಯಾಗಲಿಲ್ಲ, ಉಂಡೆ ಕಟ್ಟಲು ಬರಲಿಲ್ಲ ಎಂದು ಹಬ್ಬದ ದಿನ ಯಾರೂ ಅಳುತ್ತ ಕೂರುವುದಿಲ್ಲ, ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಾರೆ. ಮನೆಗಳ ಕಥೆಯೂ ಅಷ್ಟೇ. ಕಲ್ಲು ಸಿಗುವ ಜಾಗವಲ್ಲ, ಮರ ನಿಲ್ಲಿಸಿದರೆ ಒಂದೇ ಮಳೆಗಾಲಕ್ಕೆ ಗೆದ್ದಲು ತಿಂದು ಮುಗಿಸುತ್ತದೆ. ಆದ್ದರಿಂದ ಆಚೆ ದಡದಲ್ಲಿ ಎರಕ ಹೊಯ್ದು, ಅಲ್ಲೇ ಗಟ್ಟಿಯಾದ ಗೋಡೆಗಳು ದೋಣಿ ಹತ್ತಿ ಬರುತ್ತವೆ. ಪ್ರತಿ ಗೋಡೆಯ ಒಂದು ಅಂಚಿಗೆ ಕಬ್ಬಿಣದ ಕೊಕ್ಕೆ, ಇನ್ನೊಂದು ಅಂಚಿಗೆ ಬಳೆ. ಒಂದರ ಕೊಕ್ಕೆ ಪಕ್ಕದ್ದರ ಬಳೆಗೆ ಬಿದ್ದು, ಸುತ್ತು ಪೂರ್ತಿಯಾದರೆ ಮನೆ ನಿಂತಿತು ಎಂದೇ ಲೆಕ್ಕ.

ಬಿಚ್ಚಿ ಸೇರಿಸುವ ಮನೆಗಳಾದ್ದರಿಂದ, ಹೆಣ್ಣು ಕೊಡುವಾಗ ತವರಿನ ಒಂದು ಗೋಡೆಯನ್ನೂ ಬಿಚ್ಚಿ ಕೊಡುತ್ತಾರೆ. ಗಂಡನ ಮನೆಯವರು ತಮ್ಮದೊಂದು ಗೋಡೆ ತೆಗೆದು ಅದಕ್ಕೆ ಜಾಗ ಮಾಡಬೇಕು, ತೆಗೆದದ್ದನ್ನು ಬೀಗರ ಮನೆಗೆ ಕಳಿಸಬೇಕು. ಈ ತವರುಗೋಡೆಯ ಮೇಲೆ ಆ ಹೆಣ್ಣೊಬ್ಬಳಿಗೇ ಹಕ್ಕು. ಮಾವನಾದರೂ ಅದಕ್ಕೊಂದು ಮೊಳೆ ಹೊಡೆಯಬೇಕಾದರೆ ಸೊಸೆಯನ್ನು ಕೇಳಬೇಕು. ಇನ್ನೊಂದು ಕಟ್ಟಳೆಯೂ ಇದೆ: ಗೋಡೆಯ ಒಳಮೈಯನ್ನು ಬೀದಿ ನೋಡಬಾರದು. ಸಾಗಿಸುವಾಗ ಒಳಮೈಗೆ ಮನೆಯ ಹೆಂಗಸಿನ ಸೀರೆ ಹೊದಿಸಿಯೇ ಸಾಗಿಸುವುದು. ಒಳಮೈ ಬೀದಿಗೆ ಬಿತ್ತು ಎಂದರೆ ಆ ಮನೆ ಮುರಿಯಿತು ಎಂದು ಅರ್ಥ.

ಊರಿನ ಗೋಡೆಗಳೆಲ್ಲ ಒಂದೇ ಅಳತೆಯವಾದ್ದರಿಂದ ಇದೆಲ್ಲ ನಡೆದುಕೊಂಡು ಬಂದಿತ್ತು. ಆಚೆ ದಡದಲ್ಲಿ ಎರಕದವರು ಮೂರು ಮನೆ ಇದ್ದರು. ಒಬ್ಬನ ಮನೆಯಲ್ಲಿ ಸಾವಾಗಿ, ಇನ್ನೊಬ್ಬ ಕುಡಿದು ಮಲಗಿದ್ದರೂ ಮೂರನೆಯವನಿಂದ ಗೋಡೆ ಬರುತ್ತಿತ್ತು. ಅದೂ ತಡವಾದರೆ ಎಂದು ದೋಣಿಕಟ್ಟೆಯ ಪಕ್ಕ ಊರೊಟ್ಟಿನ ಗೋಡೆಯೊಂದು ಸದಾ ಒರಗಿ ನಿಂತಿರುತ್ತಿತ್ತು. ತುರ್ತಿರುವವರು ಒಯ್ಯುವುದು, ತಮ್ಮದು ಬಂದ ಮೇಲೆ ಹೊಸದನ್ನು ತಂದು ಅಲ್ಲಿ ಒರಗಿಸುವುದು.

ಆಮೇಲೆ ಕಂಪನಿ ಬಂತು, ಸದಾನಂದಯ್ಯ ಅದರ ಮ್ಯಾನೇಜರಾಗಿ ಬಂದರು. ಪಕ್ಕದ ಗೋಡೆಗಳು ಒಂದು ಕಾರ್ಖಾನೆಯಿಂದ, ಸೂರು ಇನ್ನೊಂದರಿಂದ, ಬಾಗಿಲುಗೋಡೆ ಮತ್ತೊಂದರಿಂದ ಬರುವಂತೆ ಮಾಡಿದರು. "ಒಬ್ಬ ಒಂದೇ ಮಾಡ್ತಿದ್ರೆ ಕೈ ಪಳಗ್ತದಮ್ಮ. ಅಗ್ಗವೂ ಆಗ್ತದೆ" ಎಂದರು. ಅಗ್ಗವಾದದ್ದು ಸುಳ್ಳಲ್ಲ. ಹಳೆಯ ಎರಕದವರು ಮೂವರೂ ಕೆಲಸ ಬಿಟ್ಟು ಬೇರೆ ಬೇರೆ ಊರು ಸೇರಿದರು. ದೋಣಿಕಟ್ಟೆಯ ಗೋಡೆಯನ್ನು ಕಂಡಾಗ ಸದಾನಂದಯ್ಯ, "ಸುಮ್ನೆ ನಿಂತ ಮಾಲು ದಂಡದ ಮಾಲು" ಎಂದು ಊರವರನ್ನು ಒಪ್ಪಿಸಿ, ಒಡೆಸಿ, ನಮ್ಮ ಅಂಗಳದ ಗುಂಡಿಗಳಿಗೆ ತುಂಬಿಸಿದರು. ಅದರ ಮೇಲೊಂದು ಜಾಣತನ ಬೇರೆ. ಕಂಪನಿಯ ಗೋಡೆಗಳಿಗೆ ಕೊಕ್ಕೆಯಿರಬೇಕಾದ ಕಡೆ ಬಳೆ, ಬಳೆಯಿರಬೇಕಾದ ಕಡೆ ಕೊಕ್ಕೆ ಹಾಕಿಸಿದರು. ಊರ ಗೋಡೆ ಕಂಪನಿ ಗೋಡೆಗೆ ಸೇರಬಾರದು, ಒಮ್ಮೆ ನಮ್ಮಲ್ಲಿ ಕೊಂಡವರು ಮತ್ತೆ ನಮ್ಮಲ್ಲಿಗೇ ಬರಬೇಕು. ಇದನ್ನು ಅವರು 'ನಮ್ಮ ವಿಶೇಷ' ಎಂದು ಕರೆಯುತ್ತಿದ್ದರು.

ರೂತಮ್ಮನವರು ಕೇಳಿದ್ದು ದೊಡ್ಡದೇನಲ್ಲ. ಹೆರಿಗೆಗೆ ಒಂದು ಕೋಣೆ, ಅದಕ್ಕೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು. ಅವರಿಗಿಂತ ಮುಂಚಿನವರಂತೆ ಅವರೂ ಬಂದಂದಿನಿಂದ ದವಾಖಾನೆಯ ಜಗಲಿಯಲ್ಲಿ ಸೀರೆಯ ಪರದೆ ಕಟ್ಟಿ ಹೆರಿಗೆ ಮಾಡಿಸುತ್ತಿದ್ದರು. ಪರದೆಯ ಈಚೆ ಕೆಮ್ಮಿನ ಔಷಧಿಗೆ ಬಂದ ಗಂಡಸರು ಬೀಡಿ ಸೇದುತ್ತ ಕೂತಿರುತ್ತಿದ್ದರು. ಒಮ್ಮೆ ಗಾಳಿಗೆ ಪರದೆ ಹಾರಿಹೋಗಿ ಒಬ್ಬ ಹೆಂಗಸು ನಡುಹೆರಿಗೆಯಲ್ಲಿ ಎದ್ದು ಓಡಲು ನೋಡಿದ್ದಳು. ಅಂದೇ ಅವರು ವರ್ಗಕ್ಕೆ ಅರ್ಜಿ ಹಾಕಿದರು. ವರ್ಗ ಸಿಕ್ಕಿತು. ಊರವರು ಕಾಲು ಹಿಡಿದದ್ದಕ್ಕೆ, "ಕೋಣೆ ನಿಲ್ಸಿ, ಇರ್ತೀನಿ. ನಿಲ್ಲಿಸ್ಲಿಲ್ಲ, ಶನಿವಾರದ ದೋಣಿ ಹತ್ತುತೀನಿ" ಎಂದರು. ಹೆದರಿಸುವ ಮಾತಲ್ಲ ಅದು. ಅವರ ಟ್ರಂಕು ಆಗಲೇ ಜಗಲಿಗೆ ಬಂದು ಕೂತಿತ್ತು. ಹಿಂದೊಮ್ಮೆ ಅವರು ರಜೆಯಲ್ಲಿದ್ದಾಗ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಆಚೆಗೆ ಒಯ್ದಿದ್ದರು. ಮಗು ನಡುಹೊಳೆಯಲ್ಲಿ ಹುಟ್ಟಿ, ದಡ ಮುಟ್ಟುವ ಮೊದಲೇ ಸತ್ತಿತ್ತು.

ಈಗ ನಮ್ಮ ಮನೆಯಲ್ಲಿ ದಾಕ್ಷಾಯಿಣಿ ಅತ್ತಿಗೆಗೆ ದಿನ ತುಂಬಿತ್ತು.

ನಾನು ಫೋನಿನಲ್ಲಿ ಮಾಡಿದ ಜಗಳಗಳನ್ನೆಲ್ಲ ಹೇಳುವುದಿಲ್ಲ. ಸಾರ ಇಷ್ಟು. ಬಾಗಿಲುಗೋಡೆಯ ಕಾರ್ಖಾನೆಯಲ್ಲಿ ಅಚ್ಚು ಒಡೆದಿತ್ತು. ಅವರಲ್ಲಿದ್ದದ್ದು ಒಂದೇ ಅಚ್ಚು. ಅದನ್ನು ಬೆಸೆಯಬೇಕಾದ ವೆಲ್ಡಿಂಗಿನವನನ್ನು ಹುಡುಕಿ ಅವನಿಗೇ ಫೋನು ಮಾಡಿದೆ.

"ಯಾಕ್ರೀ ಬೆಸೀತಿಲ್ಲ?"

"ಶೆಡ್ಡು ಬಿಚ್ಚೀನಿ ಮೇಡಂ. ಮಳೆ ಹನೀತದೆ. ಕರೆಂಟ್ ಕೆಲ್ಸ, ಮೈ ಸುಟ್ಕೊಳ್ಲಾ?"

"ಶೆಡ್ಡು ಯಾಕೆ ಬಿಚ್ಚಿದ್ರಿ?"

"ಹೊಸದು ನಿಲ್ಸೋಕೆ. ಮೂರು ಗೋಡೆ ಬಂದವೆ. ಬಾಗ್ಲುಗೋಡೆ ಬಂದಿಲ್ಲ."

"ಯಾರು ಕೊಡಬೇಕು ನಿಮ್ಗೆ ಬಾಗಿಲುಗೋಡೆ?"

"ಇನ್ಯಾರು, ಆ ಅಚ್ಚು ಒಡಕೊಂಡು ಕೂತವ್ರಲ್ಲ, ಅವ್ರೇ."

ನಾನು ಫೋನಿಟ್ಟು ಸದಾನಂದಯ್ಯನವರ ಮುಂದೆ ಹೋಗಿ ನಿಂತೆ. ಅವರು ಎಲ್ಲ ಕೇಳಿಸಿಕೊಂಡು, "ಬೇಕಾದ್ರೆ ಸದ್ಯಕ್ಕೆ ತಗಡು ಹೊಡೆಸೋಣ" ಎಂದರು. ತಗಡಿನ ಮಾತನ್ನು ರೂತಮ್ಮನವರಿಗೆ ಮುಟ್ಟಿಸುವ ಭಾಗ್ಯವೂ ನನ್ನದೇ.

"ತಗಡಿನ ಮೇಲೆ ಮಳೆ ಹೊಡೆದ್ರೆ ಮಗು ಅತ್ತಿದ್ದೂ ಕೇಳಲ್ಲ, ತಾಯಿ ಕರೆದಿದ್ದೂ ಕೇಳಲ್ಲ. ನಿಮ್ಮ ಮ್ಯಾನೇಜರ್ ಹೆರೋದಾದ್ರೆ ತಗಡಿನಲ್ಲೇ ಹೆರ್ಲಿ" ಎಂದು ಅವರು ಟ್ರಂಕಿಗೆ ಹಗ್ಗ ಸುತ್ತತೊಡಗಿದರು. ಅಂದು ಶುಕ್ರವಾರ.

ಅಂಗಳಕ್ಕೆ ಹಿಂತಿರುಗಿ ಗೋಡೆ ಕೂಡಿಸುವ ತಂಡದ ಕರೀಂಸಾಬರನ್ನು ಕೇಳಿದೆ. ಊರ ಗೋಡೆಯೊಂದನ್ನು ಕಡ ತಂದರೆ ಕೊಕ್ಕೆ ಸೇರದಿದ್ದರೂ ಸರಪಳಿಯಲ್ಲಿ ಬಿಗಿಯಬಹುದೇ? ಅವರು ಗಡ್ಡ ಕೆರೆದುಕೊಂಡು, "ನಿಂತ್ರೆ ನಿಂತೀತು, ಬಿದ್ರೆ ಬಿದ್ದೀತು. ನೋಡಾಣ ಮಗಾ" ಎಂದರು. ಅದಕ್ಕಿಂತ ಒಳ್ಳೆಯ ಭರವಸೆ ಆ ವಾರವಿಡೀ ನನಗೆ ಯಾರಿಂದಲೂ ಸಿಕ್ಕಿರಲಿಲ್ಲ.

ಆದರೆ ಗೋಡೆ ಕೊಡುವವರು ಯಾರು? ಬಾಗಿಲಿರುವ ಗೋಡೆ ಕೊಟ್ಟರೆ ಮನೆಯ ಒಂದು ಮಗ್ಗುಲೇ ತೆರೆದುಬಿಡುತ್ತದೆ. ಮೂರು ಮನೆಗಳಲ್ಲಿ ಕೇಳಿದೆ. ಒಬ್ಬರಿಗೆ ನಾಯಿ ನುಗ್ಗುವ ಭಯ, ಒಬ್ಬರಿಗೆ ಮಗಳ ನಿಶ್ಚಿತಾರ್ಥ, ಇನ್ನೊಬ್ಬರು, "ಮೊದ್ಲು ದೋಣಿಕಟ್ಟೆ ಗೋಡೆ ತಂದು ನಿಲ್ಸಿ, ಆಮೇಲೆ ಮಾತಾಡಿ" ಎಂದು ಬಾಗಿಲು ಹಾಕಿಕೊಂಡರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂಗಳದ ಗುಂಡಿಯಿಂದ ಗೋಡೆ ಅಗೆದು ತರಲು ಬರುವುದಿಲ್ಲವಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಬೈದೆ. ಕಂಪನಿಯನ್ನು, ವೆಲ್ಡಿಂಗಿನವನನ್ನು, ಊರನ್ನು, ಎಲ್ಲರನ್ನೂ. ಅಮ್ಮ ಒಲೆ ಊದುತ್ತಿದ್ದಳು. ಅತ್ತಿಗೆ ತನ್ನ ತವರುಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿಕೊಂಡು ಕೂತು ಹುರಿಗಡಲೆ ತಿನ್ನುತ್ತಿದ್ದಳು. ಆ ಗೋಡೆಯಲ್ಲಿ ಓಣಿಗೆ ತೆರೆಯುವ ಹಿತ್ತಿಲ ಬಾಗಿಲಿತ್ತು. ನಾನು ಬೈಯುವುದನ್ನು ನಿಲ್ಲಿಸಿ ಅದನ್ನು ನೋಡಿದೆ. ಅವಳೂ ನಾನು ನೋಡುವುದನ್ನು ನೋಡಿದಳು.

"ಇದನ್ನೇ ತಗೊಂಡು ಹೋಗ್ರಿ" ಎಂದಳು.

ಅಮ್ಮ ಊದುಗೊಳವೆ ಕೆಳಗಿಟ್ಟಳು. "ಯಾವುದನ್ನ?"

"ನನ್ ಗೋಡೇನ."

"ಒಲೆ ಬೀದಿಗೆ ಕಾಣಿಸ್ಕೊಂಡು ಅಡಿಗೆ ಮಾಡ್ಲೇನೇ ನಾನು? ಹೋಗೋರು ಬರೋರೆಲ್ಲ ಸಾರಿನ ಪಾತ್ರೆ ಇಣುಕಿ ನೋಡ್ಕೊಂಡು ಹೋಗ್ಲಾ?"

"ನಾನೇನು ಬೀದೀಲಿ ಹೆರ್ಲಾ ಅತ್ತೆ?"

ಅಮ್ಮ ಕೆಳಗಿಟ್ಟ ಊದುಗೊಳವೆಯನ್ನು ಮತ್ತೆ ಎತ್ತಿಕೊಂಡಳು. "ನಾವೆಲ್ಲ ಹೆರ್ಲಿಲ್ವಾ?"

"ನೀವು ಹೆತ್ತಿದ್ದನ್ನ ಆ ಬೀಡಿ ಅಂಗಡಿ ಚನ್ನಬಸಣ್ಣ ಇವತ್ತಿಗೂ ಹೇಳ್ತಾನಂತೆ, ಪರದೆ ಆಚೆ ನಾನೇ ಕೂತಿದ್ದೆ ಅಂತ. ಮಾಲಾ ಹುಟ್ಟಿದ್ದು ಹೆಂಗೆ ಅಂತ ಅವನಿಗೆ ಗೊತ್ತಿರೋವಷ್ಟು ಮಾವನಿಗೂ ಗೊತ್ತಿಲ್ಲ."

ಅಮ್ಮ ಒಲೆಯ ಕಡೆ ತಿರುಗಿದಳು. ಬೇಡ ಎನ್ನಲು ಅವಳಿಗೆ ಅಧಿಕಾರವೇ ಇರಲಿಲ್ಲ, ಗೋಡೆ ಅತ್ತಿಗೆಯದು. ಆದರೂ ಅಂದು ರಾಗಿ ಅಂಬಲಿ ತಿರುವಿದ ರಭಸ ನೋಡಿದರೆ ಕೋಲು ಮುರಿಯಬೇಕಿತ್ತು.

ಶನಿವಾರ ಬೆಳಿಗ್ಗೆ ಕರೀಂಸಾಬರ ತಂಡ ಬಂತು. ಅಣ್ಣ ಸೂರಿಗೆ ಆನಿಕೆ ಕೊಟ್ಟ. ಗೋಡೆಯ ಒಳಮೈಗೆ ತೂಗುಹಾಕಿದ್ದ ಮೊರ, ಜರಡಿ ಇಳಿಸಲು ನಾನು ಕೈ ಹಾಕಿದಾಗ ಅತ್ತಿಗೆ, "ನೀನು ಬಿಡು, ನಾನೇ ತೆಗೀತೀನಿ" ಎಂದು ಎಲ್ಲರನ್ನೂ ಹೊರಗೆ ಕಳಿಸಿ, ತಾನೇ ಇಳಿಸಿ, ತನ್ನ ಹಸಿರು ಸೀರೆಯನ್ನು ಮೇಲಿನಿಂದ ಕೆಳಗಿನವರೆಗೆ ಬಿಗಿಯಾಗಿ ಹೊದಿಸಿದಳು. ಗೋಡೆ ತಳ್ಳುಗಾಡಿ ಹತ್ತಿ ಹೊರಟಿತು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ಹಿಂದೆ, ಅಮ್ಮ ಬೈಯುತ್ತ ಅವಳ ಹಿಂದೆ.

ದವಾಖಾನೆಯ ಮುಂದೆ ಅರ್ಧ ಊರು ಸೇರಿತ್ತು. ರೂತಮ್ಮನವರು ಟ್ರಂಕಿನ ಮೇಲೆ ಕೂತಿದ್ದರು. ಸದಾನಂದಯ್ಯ ಓಡಿಬಂದು, "ಬೇರೆಯವರ ಗೋಡೆ ಸೇರಿಸಿದ್ರೆ ಕಂಪನಿ ಜವಾಬ್ದಾರಿ ಇಲ್ಲ, ಈಗ್ಲೇ ಹೇಳ್ತೀನಿ" ಎಂದರು.

"ಇಷ್ಟು ದಿವ್ಸ ಜವಾಬ್ದಾರಿ ಹೊತ್ತು ಬೆನ್ನು ಬಗ್ಗಿಹೋಗಿದ್ಯಾ?" ಎಂದರು ರೂತಮ್ಮ. ಜನ ನಕ್ಕರು.

ಮೂರು ಗೋಡೆಗಳು ಬೊಂಬಿನ ಆನಿಕೆಯಲ್ಲಿ ನಿಂತಿದ್ದವು. ನಮ್ಮದನ್ನು ನಾಲ್ಕನೆಯ ಮಗ್ಗುಲಿಗೆ ತಂದು ನಿಲ್ಲಿಸಿದರು. ಎಡಗಡೆ ಬಳೆಗೆ ಬಳೆ ಎದುರಾಯಿತು, ಬಲಗಡೆ ಕೊಕ್ಕೆಗೆ ಕೊಕ್ಕೆ. ಬಳೆಗಳ ಕಡೆ ಸರಪಳಿ ಹೇಗೋ ಹಿಡಿಯಿತು. ಕೊಕ್ಕೆಗಳ ಕಡೆ ಬಿಗಿದಷ್ಟೂ ಜಾರಿತು. ಮೂರು ಸಲ ನೋಡಿದರು. ಮೂರನೆಯ ಸಲ ಗೋಡೆ ವಾಲಿ ಅಣ್ಣನ ಕಾಲು ಕೂದಲೆಳೆಯಲ್ಲಿ ಉಳಿಯಿತು. ಕರೀಂಸಾಬರು ಸರಪಳಿ ಕೆಳಗೆ ಹಾಕಿ, "ಆಗಲ್ಲ ಮಗಾ. ಇದರ ಮೇಲೆ ಸೂರು ಕೂರ್ಸಿದ್ರೆ ಒಳಗಿದ್ದೋರು ಗೋರಿಗೆ ಹೋದಂಗೇ" ಎಂದರು.

ದೋಣಿ ಬರುವ ಹೊತ್ತಾಗಿತ್ತು. ರೂತಮ್ಮನವರು ಎದ್ದು, ಅತ್ತಿಗೆಯ ಹತ್ತಿರ ಹೋಗಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, "ನಾಳೇನೇ ಆಚೆಗೆ ಹೋಗಿ ಯಾರ ಮನೇಲಾದ್ರೂ ಉಳ್ಕೊ. ನೋವು ಬರೋವರೆಗೂ ಕಾಯ್ಬೇಡ" ಎಂದರು. ಆಚೆಗೆ ನಮಗೆ ಯಾರೂ ಇರಲಿಲ್ಲ. ಅವಳ ತವರು ಈ ಊರಿನದೇ. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ನನಗೆ ಸದಾನಂದಯ್ಯನವರನ್ನು ಅವರದೇ ಅಂಗಳದ ಗುಂಡಿಗೆ ತುಂಬಿಸಬೇಕು ಅನ್ನಿಸಿತು.

ಗೋಡೆಯನ್ನು ಹಿಂದಕ್ಕೆ ಒಯ್ಯಲು ತಂಡದವರು ಕೈ ಹಾಕಿದರು. ನಮ್ಮಲ್ಲಿ ಗೋಡೆಯನ್ನು ಬಂದ ಮುಖದಲ್ಲೇ ಹಿಂದಕ್ಕೆ ಒಯ್ಯುವ ಹಾಗಿಲ್ಲ. ನೆಂಟರು ಹಿಮ್ಮುಖವಾಗಿ ನಡೆದುಕೊಂಡು ಹೋಗುತ್ತಾರೆಯೇ? ನಿಂತಲ್ಲೇ ಪೂರ್ತಿ ತಿರುಗಿಸಿ, ಆಮೇಲೆ ಗಾಡಿಗೆ ಏರಿಸಬೇಕು. ಯಾರೂ ಯೋಚಿಸಿ ಮಾಡುವ ಕೆಲಸವಲ್ಲ, ಕೈಯೇ ಮಾಡುತ್ತದೆ. ಅವರು ಗೋಡೆಯನ್ನು ತಿರುಗಿಸಿದರು. ಸುಸ್ತಾಗಿದ್ದರು. ಗಾಡಿ ಹತ್ತಿರ ಬರಲಿ ಎಂದು ಅದನ್ನು ಅಲ್ಲೇ, ಆ ಖಾಲಿ ಮಗ್ಗುಲಿಗೆ ಒಂದು ಕ್ಷಣ ಒರಗಿಸಿದರು.

ಟಣ್ ಎಂದು ಸದ್ದಾಯಿತು. ಬೆನ್ನಿಗೇ ಇನ್ನೊಂದು.

ಕರೀಂಸಾಬರು ಎಡಕ್ಕೆ ಹೋಗಿ ನೋಡಿದರು, ಬಲಕ್ಕೆ ಹೋಗಿ ನೋಡಿದರು. ಗೋಡೆಯನ್ನು ಹಿಡಿದು ಅಲುಗಿಸಿದರು. ಅದು ಅಲುಗಲಿಲ್ಲ. ಹಿಂದಕ್ಕೆ ತಿರುಗಿದ ಮನುಷ್ಯನ ಬಲಗೈ ಮೊದಲು ಎಡಗೈಯಿದ್ದ ಕಡೆಗೆ ಬರುವಂತೆ, ತಿರುಗಿ ನಿಂತ ಗೋಡೆಯ ಕೊಕ್ಕೆ ಕಂಪನಿಯ ಬಳೆಗೆ ಬಿದ್ದಿತ್ತು, ಕಂಪನಿಯ ಕೊಕ್ಕೆ ಅದರ ಬಳೆಗೆ ಬಿದ್ದಿತ್ತು. ಸದಾನಂದಯ್ಯನವರ 'ವಿಶೇಷ' ಇಷ್ಟೇ ಆಗಿತ್ತು. ನಾವು ಇಷ್ಟು ದಿನ ಇದನ್ನು ಕಾಣದೆ ಹೋದದ್ದಕ್ಕೆ ಕಾರಣವೂ ಇಷ್ಟೇ: ಗೋಡೆಯನ್ನು ಒಳಮೈ ಹೊರಗಾಗಿ ನಿಲ್ಲಿಸಬಹುದೆಂದು ಮಾನವಿದ್ದವರು ಯಾರೂ ಯೋಚಿಸುವುದಿಲ್ಲ.

ಮುಂದೆ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು. ಏಕೆಂದರೆ ಹಸಿರು ಸೀರೆ ಈಗ ಬೀದಿಯ ಕಡೆಗಿತ್ತು.

"ಇನ್ನು ಅದನ್ನ ಮುಟ್ಬೇಡಿ. ಹಂಗೇ ಸೂರು ಕೂರ್ಸಿ" ಎಂದರು ರೂತಮ್ಮ.

"ಏನಮ್ಮಾ ನೀವು ಹೇಳೋದು?" ಅಮ್ಮ ಮುಂದೆ ಬಂದಳು. "ನಮ್ಮನೆ ಒಳಮೈ ಬೀದಿಗೆ ಹಾಕ್ಕೊಂಡು ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡ್ಲಾ?"

"ಸೀರೆ ಹಂಗೇ ಇರ್ಲಿ ಬಿಡಿ" ಎಂದು ಯಾರೋ ಸಮಾಧಾನ ಹೇಳಿದರು.

"ಸೀರೆ ಎಷ್ಟು ದಿನ ಇರ್ತದೆ? ಈ ಗಾಳಿಗೆ?" ಎಂದಳು ಅಮ್ಮ.

ಅತ್ತಿಗೆ ಗೋಡೆಯ ಹತ್ತಿರ ಹೋದಳು. ಹೆದರಿದ್ದಳು, ಅದು ನನಗೆ ಕಾಣುತ್ತಿತ್ತು. ಆಮೇಲೆ ಸೀರೆಯ ಗಂಟು ಬಿಚ್ಚಿ ಎಳೆದಳು.

ಹೊಗೆ ಹಿಡಿದು ಕಪ್ಪಾದ ಗೋಡೆ. ಒಗ್ಗರಣೆ ಸಿಡಿದ ಎಣ್ಣೆಯ ಕಲೆ. ನಾಲ್ಕು ಮೊಳೆ. ಅಲ್ಲಿಯವರೆಗೆ ಎಲ್ಲರ ಮನೆಯ ಕಥೆಯೇ. ಆದರೆ ಮೊರ, ಜರಡಿ ತೂಗುತ್ತಿದ್ದ ಜಾಗದಲ್ಲಿ ಮಸಿಯನ್ನು ಉಗುರಿನಿಂದ ಕೆರೆದು ಬಿಡಿಸಿದ ಚಿತ್ರಗಳಿದ್ದವು. ಬಾಯಿ ತೆರೆದು ಮಲಗಿದ ನಮ್ಮಣ್ಣ, ಅವನ ಬಾಯೊಳಗೆ ಒಂದು ನೊಣ. ಕಿವಿಗೆ ಫೋನು ಅಂಟಿ, ಹಲ್ಲು ಕಡಿಯುತ್ತಿರುವ ನಾನು. ಎಲ್ಲಕ್ಕಿಂತ ದೊಡ್ಡದು ಅಮ್ಮನದು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈ ಸೊಂಟದ ಮೇಲೆ, ಕೆನ್ನೆ ಊದಿಸಿಕೊಂಡು ಒಲೆಯ ಬದಲು ಯಾರದೋ ತಲೆಗೆ ಊದುತ್ತಿದ್ದಳು.

ಯಾರೋ ಕೆಮ್ಮಿದಂತೆ ಮಾಡಿ ನಗು ನುಂಗಿದರು. ಅಮ್ಮ ಚಿತ್ರದ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

"ಇದು ನಾನಾ?"

"ಹೂಂ ಅತ್ತೆ."

"ನಾನು ಮೂಗುತಿ ಹಾಕೋದು ಬಲಕ್ಕೆ. ಇದ್ರಲ್ಲಿ ಎಡಕ್ಕದೆ."

"ಸರಿ ಮಾಡ್ತೀನಿ."

"ಈಗೇನ್ ಸರಿ ಮಾಡ್ತೀಯ? ಊರೆಲ್ಲ ನೋಡಾಯ್ತು." ಅಮ್ಮ ಕರೀಂಸಾಬರ ಕಡೆ ತಿರುಗಿದಳು. "ಏನ್ ನೋಡ್ತಾ ನಿಂತ್ರಿ? ಸೂರು ಏರ್ಸಿ. ದೋಣಿ ಬಂತಂದ್ರೆ ಈಯಮ್ಮ ಹೊರಟೇಬಿಡ್ತಾಳೆ."

ಸೂರು ಏರಿತು. ಬಾಗಿಲಿನ ಚಿಲಕ ಈಗ ಹೊರಗಿತ್ತು. ಅದನ್ನು ಬಿಚ್ಚಿ ಒಳಗೆ ಹೊಡೆಯುವವರೆಗೂ ರೂತಮ್ಮನವರು ಟ್ರಂಕಿನ ಮೇಲಿಂದ ಏಳಲಿಲ್ಲ. ದೋಣಿ ಬಂದು ಕೂಗಿತು, ಸ್ವಲ್ಪ ಹೊತ್ತು ಕಾಯಿತು, ಹೋಯಿತು. ಆಮೇಲೆ ಅವರು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಹೊರಗಿನಿಂದ ಬಾಗಿಲು ದೂಡಿ ನೋಡಲು ನನಗೇ ಹೇಳಿದರು. ದೂಡಿದೆ. ತೆರೆಯಲಿಲ್ಲ. ಒಳಗಿನಿಂದ ಅವರು ಏನೋ ಅಂದರು, ಕೇಳಿಸಲಿಲ್ಲ.

ಮೂರು ದಿನಕ್ಕೆ ಅತ್ತಿಗೆಗೆ ಹೆಣ್ಣುಮಗುವಾಯಿತು. ಕೆಮ್ಮಿನ ಔಷಧಿಗೆ ಬಂದವರಿಗೆ ಮಗು ಅತ್ತಾಗಲೇ ಗೊತ್ತಾದದ್ದು. ಬೀಡಿ ಅಂಗಡಿ ಚನ್ನಬಸಣ್ಣ ಹೇಳಲು ಏನೂ ಸಿಗದೆ, ಹೊರಗೆ ನಿಂತು ಅಮ್ಮನ ಚಿತ್ರವನ್ನೇ ನೋಡಿಕೊಂಡು ಹೋದ.

ಇಷ್ಟಾದ ಮೇಲೆ ಕಂಪನಿಯ ಬಾಗಿಲುಗೋಡೆ ಬಂತು. ವೆಲ್ಡಿಂಗಿನವನು ಕೊನೆಗೆ ಯಾರದೋ ಕೊಡೆಯ ಕೆಳಗೆ ಕೂತು ಅಚ್ಚು ಬೆಸೆದನಂತೆ. ಈ ಉಪಾಯ ಮೊದಲೇ ಏಕೆ ಹೊಳೆಯಲಿಲ್ಲ ಎಂದು ಕೇಳಿದರೆ, ಯಾರೂ ಕೊಡೆ ಕೊಡಲಿಲ್ಲ ಎಂದ. ರೂತಮ್ಮನವರು ತಮ್ಮ ಗೋಡೆ ಬಿಚ್ಚಲು ಒಪ್ಪಲಿಲ್ಲ. ಅತ್ತಿಗೆಯೂ ಅದು ಅಲ್ಲೇ ಇರಲಿ ಎಂದಳು. ಹಾಗಾಗಿ ಹೊಸ ಗೋಡೆ ನಮ್ಮ ಅಡುಗೆಮನೆಗೆ ಬಂತು. ಊರ ಗೋಡೆಗಳ ನಡುವೆ ಅದು ಸೇರಬೇಕಾದರೆ ಅದನ್ನೂ ಒಳಮೈ ಹೊರಗಾಗಿಯೇ ನಿಲ್ಲಿಸಬೇಕು. ನಿಲ್ಲಿಸಿದೆವು. ಕಂಪನಿಯವರು ಹೊರಮೈಗೆ ಹಳದಿ ಬಣ್ಣ ಬಳಿದು, ಮೊಳದುದ್ದದ ಕೆಂಪು ಅಕ್ಷರದಲ್ಲಿ 'ಬೇಗ, ಭದ್ರ, ನಿಶ್ಚಿಂತೆ' ಎಂದು ಬರೆಸಿ, ಕೆಳಗೆ 'ಕುಂದುಕೊರತೆಗಳಿಗೆ ಸಂಪರ್ಕಿಸಿ' ಎಂದು ಒಂದು ನಂಬರು ಹಾಕಿಸಿದ್ದರು. ಅದೆಲ್ಲ ಈಗ ನಮ್ಮ ಒಲೆಯ ಎದುರಿಗಿದೆ. ಅಮ್ಮ ಬಾಣಂತಿಯ ಸಾರು ಕುದಿಸುತ್ತ ದಿನವಿಡೀ ಅದನ್ನೇ ಓದುತ್ತಾಳೆ, ಓದಿದಷ್ಟೂ ಅವಳ ರಕ್ತ ಕುದಿಯುತ್ತದೆ. ತಡೆಯಲಾರದೆ ಮಧ್ಯಾಹ್ನಕ್ಕೊಮ್ಮೆ ಅಣ್ಣನ ಮೊಬೈಲು ಕಸಿದುಕೊಂಡು ಆ ನಂಬರಿಗೆ ಫೋನು ಮಾಡಿ, ಎತ್ತಿದವರ ಏಳು ತಲೆಮಾರನ್ನೂ ಜಾಲಾಡುತ್ತಾಳೆ. ಸದಾನಂದಯ್ಯ ಊಟಕ್ಕೆ ಹೋಗಿರುತ್ತಾರೆ. ಅಂಗಳದಲ್ಲಿ ಆ ಹೊತ್ತಿಗೆ ಫೋನು ಎತ್ತುವವಳು ನಾನೊಬ್ಬಳೇ.